ನಾಯಿ ನೋಡುವ ಶಾಸ್ತ್ರ

ನಮ್ಮ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ನಾವಿರುವುದು ತಮಿಳು ಸೀಮೆಯಲ್ಲಿ, ಶಾಲೆಯಲ್ಲಿ ಕನ್ನಡವಿಲ್ಲ, ನನಗೆ ಅಪ್ಪ ಹಟ ಹಿಡಿದು ಕಲಿಸಿದ್ದು. ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಬಾಯಲ್ಲೂ ಕನ್ನಡವಿದೆ, ಅಕ್ಷರ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಹೀಗಾಗಿ ಇದನ್ನು ಬರೆದು ಊಟದ ಮೇಜಿನ ಮೇಲೆ ಬಿಟ್ಟು ಹೋದರೂ ಯಾರೂ ಮುಖ ಊದಿಸಿಕೊಳ್ಳುವ ಭಯವಿಲ್ಲ. ಆ ಧೈರ್ಯದಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾಯಿ ಸಾಕುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

ನನ್ನ ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. ಹೊಲಿದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಳುಕು ಹುಡುಕುವುದು. ಎಲ್ಲಿ ಸೂಜಿ ತೂತು, ಎಲ್ಲಿ ಎಣ್ಣೆ ಕಲೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ನೋಡಿ ನೋಡಿ, ಈಗ ನನ್ನ ಕಣ್ಣು ಮದುವೆಮನೆಯಲ್ಲೂ ಮದುಮಗಳ ಸೀರೆಯ ಅಂಚಿನಲ್ಲಿ ಎಳೆ ಬಿಟ್ಟಿದೆಯೇ ಎಂದೇ ನೋಡುತ್ತದೆ. ಬೆಳಿಗ್ಗೆ ಕಂಪನಿ ವ್ಯಾನು ಅವಿನಾಶಿ ರಸ್ತೆಗೆ ಬರುತ್ತದೆ, ಕತ್ತಲಾದ ಮೇಲೆ ಅಲ್ಲೇ ಇಳಿಸಿ ಹೋಗುತ್ತದೆ. ಆಮೇಲೆ ಅಡಿಗೆ, ಪಾತ್ರೆ, ನಾಳೆಗೆ ದೋಸೆ ಹಿಟ್ಟು. ಇನ್ನೊಂದು ಜೀವಕ್ಕೆ ಅನ್ನ ಹಾಕುವ ಮಾತು ಹಾಗಿರಲಿ, ಅಂಥದ್ದೊಂದು ಮನೆಯಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಆದರೂ ನಾಯಿಯ ಮಾತು ಬಂದದ್ದು ಚಿಕ್ಕವಳಿಂದ. ಅವಳಿಗೆ ಎಂಟು ವರ್ಷ. ನಮ್ಮ ಮನೆ ಬಾಗಿಲಿಂದ ಸ್ಕೂಲ್ ವ್ಯಾನ್ ನಿಲ್ಲುವ ಮೂಲೆಯವರೆಗೆ ಒಂದೇ ಬೀದಿ, ಮಧ್ಯದಲ್ಲಿ ಒಂದು ಖಾಲಿ ಸೈಟು. ಆ ಸೈಟಿನ ಮರಳ ರಾಶಿಯ ಮೇಲೆ ಬೀದಿನಾಯಿಗಳ ವಾಸ. ಒಂದು ಬೆಳಿಗ್ಗೆ ಅದರಲ್ಲೊಂದು ಬೊಗಳಿತು, ಇವಳು ಓಡಿದಳು. ಓಡುವವರನ್ನು ಕಂಡರೆ ನಾಯಿ ಸುಮ್ಮನಿರುತ್ತದೆಯೇ? ಹಿಂಡಿಗೆ ಹಿಂಡೇ ಬೆನ್ನು ಹತ್ತಿತು. ಜಲ್ಲಿಕಲ್ಲಿನ ಮೇಲೆ ಬೋರಲು ಬಿದ್ದಳು. ಮೀನಖಂಡದ ಮೇಲಿನ ಗೀರು ಉಗುರಿನದೋ ಕಲ್ಲಿನದೋ ಯಾರಿಗೂ ಹೇಳಲಾಗಲಿಲ್ಲ. ಡಾಕ್ಟರು ಯಾವುದಕ್ಕೂ ಇರಲಿ ಎಂದು ಇಂಜೆಕ್ಷನ್ ಎಲ್ಲ ಹಾಕಿಸಿದರು.

ಇಂಜೆಕ್ಷನ್ ಮುಗಿಯಿತು, ಭಯ ಮುಗಿಯಲಿಲ್ಲ. ಅವಳು ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಳು. ಅಂಗಡಿಗೆ ಇಲ್ಲ, ಗೆಳತಿಯ ಮನೆಗೆ ಇಲ್ಲ, ಸಂಜೆ ಆಟಕ್ಕೆ ಇಲ್ಲ. ಟಿವಿಯಲ್ಲಿ ನಾಯಿ ಬೊಗಳಿದರೂ ಕಾಲೆರಡನ್ನೂ ಸೋಫಾದ ಮೇಲೆ ಎತ್ತಿಕೊಳ್ಳುತ್ತಿದ್ದಳು. ಬೆಳಿಗ್ಗೆ ನಾನು ಎಂಟು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವಳ ಚೀಲ, ಅವಳ ಊಟ, ನನ್ನ ಚೀಲ, ನನ್ನ ಊಟ ಎಲ್ಲ ಹೊತ್ತು ಆ ಬೀದಿ ದಾಟಿಸಬೇಕು. ಅವಳು ಕಣ್ಣು ಮುಚ್ಚಿ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿರುತ್ತಿದ್ದಳು. ಮೂಲೆ ಬಂತು ಎಂದರೂ ನಂಬುತ್ತಿರಲಿಲ್ಲ. ನನ್ನ ಸೊಂಟ ಆಗಲೇ ಹೋಗಿತ್ತು. ಅವಳು ಮತ್ತೆ ತನ್ನ ಕಾಲ ಮೇಲೆ ಆ ಬೀದಿಯಲ್ಲಿ ನಡೆಯಬೇಕು. ನನಗೆ ಬೇಕಾದದ್ದು ಅಷ್ಟೇ.

ಮನೆಯಲ್ಲೇ ಒಂದು ನಾಯಿ ಸಾಕಿ, ಭಯ ತಾನಾಗಿ ಹೋಗುತ್ತದೆ ಎಂದರು ಡಾಕ್ಟರು. ಆದರೆ ಮಕ್ಕಳಿಗೆ ಹೊಂದುವ ತಳಿ ನೋಡಿ ತನ್ನಿ, ತಪ್ಪು ನಾಯಿ ತಂದರೆ ಈ ಭಯ ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂದೂ ಹೇಳಿ ಕಳಿಸಿದರು. ಮನೆಯಲ್ಲಿ ಜಗಳ ಶುರುವಾಗಲು ಅಷ್ಟು ಸಾಕಾಯಿತು.

ನನ್ನ ಗಂಡ ಮೋಟಾರ್ ಪಂಪಿನ ಬಿಡಿಭಾಗ ಮಾರುವವರು, ವಾರದಲ್ಲಿ ಮೂರು ನಾಲ್ಕು ದಿನ ಸೇಲಂ, ಈರೋಡು ಎಂದು ಊರೂರು ಸುತ್ತುವವರು. ಅವರಿಗೆ ರಾಜಪಾಳಯಂ ನಾಯಿಯೇ ಬೇಕು. ಹಾಲಿನಂಥ ಬಿಳುಪು, ಗುಲಾಬಿ ಮೂಗು, ಗೇಟಿನಲ್ಲಿ ನಿಂತರೆ ಬೀದಿಗೇ ಗೌರವ ಎಂದರು. ಬೀದಿಯ ಗೌರವಕ್ಕೂ ಮಗುವಿನ ಭಯಕ್ಕೂ ಏನು ಸಂಬಂಧ ಎಂದು ಕೇಳಿದರೆ, ನಿನಗೆ ನಾಯಿಯ ವಿಷಯ ಗೊತ್ತಿಲ್ಲ ಎಂದರು. ಮಾರನೆಯ ದಿನವೇ ಕೊರಳಪಟ್ಟಿ, ಸರಪಳಿ, ತಾಟು ಎಲ್ಲ ಮನೆಗೆ ಬಂದವು. ಕೂಸು ಹುಟ್ಟುವ ಮುಂಚೆ ಕುಲಾವಿ.

ದೊಡ್ಡವಳಿಗೆ ಹದಿಮೂರು. ಫೋನಿನಲ್ಲಿ ಲೋಕದ ನಾಯಿಗಳನ್ನೆಲ್ಲ ಜರಡಿ ಹಿಡಿದು ಅವಳು ಲ್ಯಾಬ್ರಡಾರ್‌ಗೆ ಬಂದು ನಿಂತಿದ್ದಳು. ಮಕ್ಕಳಿರುವ ಮನೆಗೆ ಅದೇ ಸರಿ ಎಂದು ಎಲ್ಲರೂ ಬರೆದಿದ್ದಾರಂತೆ. ಅದಕ್ಕೆ ಅತ್ತೆಯ ತಕರಾರು.

“ನಾಯಿಗ್ಯಾಕಮ್ಮಾ ಜಾತಿ? ನಮ್ಮ ತೋಟದಾಗೆ ನಾಯಿ ಅದಾಗೇ ಬತ್ತಿತ್ತು, ಆಕಿದ್ದು ತಿಂತಿತ್ತು, ಬಾಗ್ಲಾಗೆ ಬಿದ್ದಿರ್ತಿತ್ತು. ನಾಟು ನಾಯಿಗಿಂತ ಬೇಕಾ?”

“ಅಜ್ಜಿ, ನಿಮ್ಮ ತೋಟದ ನಾಯಿ ಪೋಸ್ಟ್‌ಮ್ಯಾನ್‌ನ ಕಚ್ಚಿಲ್ವಾ?” ಎಂದಳು ದೊಡ್ಡವಳು.

“ಅವ್ನು ಕೂಗ್ದೆ ಒಳಗೆ ಬಂದ, ಕಚ್ತು. ಅದ್ಕೆ ನಾಯಿ ಏನ್ ಮಾಡ್ತದೆ ಪಾವಂ.” ಪಾಪ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಪಾವಂ.

ನಾಯಿಗ್ಯಾಕೆ ಜಾತಿ ಎಂದ ಬಾಯಿಯೇ ನನ್ನ ಮದುವೆಗೆ ಮುಂಚೆ ನಮ್ಮ ತಾತ ಮುತ್ತಾತರ ಕುಲವನ್ನೆಲ್ಲ ವಿಚಾರಿಸಿತ್ತು. ಅದನ್ನು ನೆನಪಿಸಬೇಕೆಂದುಕೊಂಡೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಎದ್ದು ಹೋದೆ.

ಕೊನೆಗೆ ಎಲ್ಲ ನಾಯಿಗಳನ್ನೂ ಹೋಗಿ ನೋಡಿ ಬರುವುದೆಂದಾಯಿತು. ನಮ್ಮವರಿಗೆ ನೋಡಿ ಬರುವುದು ಎಂದರೆ ಹೆಣ್ಣು ನೋಡುವುದು ಒಂದೇ ಗೊತ್ತು. ಭಾನುವಾರ ಮನೆಮಂದಿಯೆಲ್ಲ ಕಾರಿನಲ್ಲಿ ತುಂಬಿಕೊಂಡೆವು. ಅತ್ತೆ ಮಡಿಚಿಟ್ಟ ಸೀರೆ ತೆಗೆದು ಉಟ್ಟರು, ಬಾಳೆಹಣ್ಣಿನ ಚಿಪ್ಪು, ಮೊಳ ಮಲ್ಲಿಗೆ ಕೈಲಿ ಹಿಡಿದುಕೊಂಡರು. ನಾಯಿ ನೋಡೋಕೆ ಹೂವು ಯಾಕೆ ಅತ್ತೆ ಎಂದರೆ, “ಒಬ್ರ ಮನೆಗೆ ಬರೀ ಕೈಲಿ ಓಗ್ತಾರಾ?” ಎಂದರು.

ಮೊದಲು ಸಿರುಮುಗೈ. ಗಂಡನ ಪರಿಚಯದವರೊಬ್ಬರು ಅಲ್ಲಿ ರೇಷ್ಮೆ ಸೀರೆಯ ವ್ಯಾಪಾರದ ಜೊತೆಗೆ ರಾಜಪಾಳಯಂ ನಾಯಿಗಳನ್ನೂ ಸಾಕಿದ್ದರು. ಒಳಗೆ ಮಗ್ಗದ ಸದ್ದು, ಹಿತ್ತಲಿನಲ್ಲಿ ತಾಯಿ ನಾಯಿ. ನಮ್ಮನ್ನು ಕಂಡು ಎದ್ದು ನಿಂತಾಗ ಸರಪಳಿ ಇದ್ದಷ್ಟುದ್ದಕ್ಕೂ ಬಿಗಿಯಿತು. ಅತ್ತೆ ಮಲ್ಲಿಗೆಯನ್ನು ಆ ಮನೆಯಾಕೆಗೆ ಕೊಟ್ಟು, ತಮಿಳಿನಲ್ಲಿ ಮರಿಗಳ ತಂದೆ ಯಾವ ಊರು, ಅದರ ಒಡಹುಟ್ಟಿದವು ಎಲ್ಲೆಲ್ಲಿವೆ, ಯಾರಿಗಾದರೂ ಕೋಪ ಜಾಸ್ತಿಯೇ ಎಂದು ವಿಚಾರಿಸಿದರು. ಆಕೆಯೂ ಬೇಜಾರಿಲ್ಲದೆ ಎಲ್ಲ ಹೇಳಿ ಕಾಫಿ ಕೊಟ್ಟರು. ಚಿಕ್ಕವಳು ಕಾರಿನಿಂದ ಇಳಿಯಲೇ ಇಲ್ಲ. ಗಾಜು ಏರಿಸಿಕೊಂಡು, ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದಳು. ವಾಪಸು ಬರುವಾಗ ಒಂದೇ ಮಾತು ಕೇಳಿದಳು.

“ಅಪ್ಪಾ, ಅದು ಜೋರಾ ಓಡ್ತದಾ?”

“ಮೊಲ ಹಿಡಿಯೋ ನಾಯಿ, ಕಣ್ಣು! ಗಾಳಿ ಮಾದರಿ ಓಡ್ತದೆ,” ಎಂದರು ಇವರು ಹೆಮ್ಮೆಯಿಂದ. ಮುದ್ದಿನಿಂದ ಕರೆಯುವಾಗ ಮಗಳು ಇವರಿಗೆ ಕಣ್ಣು. ಅವಳು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಭಾನುವಾರ ತಿರುಪ್ಪೂರು. ನನ್ನ ಜೊತೆ ಕೆಲಸ ಮಾಡುವವಳ ಅಕ್ಕನ ಮನೆ, ಲ್ಯಾಬ್ರಡಾರ್ ಮರಿಗಳು. ಬಾಗಿಲು ತೆಗೆದದ್ದೇ ತಡ, ಬೆಣ್ಣೆಯುಂಡೆಗಳ ಹಾಗೆ ಉರುಳಿ ಬಂದು ಎಲ್ಲರ ಕಾಲಿಗೆ ಸಿಕ್ಕಿಕೊಂಡವು. ದೊಡ್ಡವಳು ನೆಲಕ್ಕೆ ಕೂತೇಬಿಟ್ಟಳು. ಚಿಕ್ಕವಳು ನನ್ನ ಮೈಮೇಲೆ ಹತ್ತಿ, ಸೆರಗು ಕಿತ್ತು, ಹೆಗಲಿಗೇರಿದಳು. ಕಚ್ಚೋದಿಲ್ಲಮ್ಮಾ, ಆಟ ಅದು, ದಿನವಿಡೀ ಹೀಗೇ ಓಡ್ತಾ ಇರ್ತವೆ ಎಂದು ಆ ಮನೆಯಾಕೆ ಮುದ್ದಿನಿಂದ ಹೇಳುತ್ತಲೇ ಇದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಹುಳುಕು ಹುಡುಕುವ ಕಣ್ಣು ಮಾತ್ರ ಕುರ್ಚಿಯ ಕಡಿದ ಕಾಲು, ಸೋಫಾದ ಕೂದಲು, ಆಕೆಯ ಮುಂಗೈಯ ಗೀರು, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ನೋಡಿಕೊಂಡು ಬಂತು. ಆ ಕಪ್ಪನ್ನು ನಾನು ನನ್ನ ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

“ಇವು ಮಲಗೋದೇ ಇಲ್ವಾ?” ಎಂದು ಚಿಕ್ಕವಳು ನನ್ನ ಕಿವಿಯಲ್ಲಿ ಕೇಳಿದಳು. ನಾನು ಸೆರಗು ಸರಿಮಾಡಿಕೊಳ್ಳುವುದರಲ್ಲಿದ್ದೆ.

ಆಮೇಲೆ ಅಪ್ಪ ಮಗಳಿಗೆ ಮಾತು ನಿಂತಿತು. ಊಟಕ್ಕೆ ಕೂತರೆ ಇವರು ರಾಜಪಾಳಯಂ ಎಂದರೆ ದೊಡ್ಡವಳು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದಳು. ಬೆಳಗಾದರೆ ನಾನು ಚಿಕ್ಕವಳನ್ನು ಸೊಂಟಕ್ಕೆ ಏರಿಸಿಕೊಂಡು ಅದೇ ಬೀದಿ, ಅದೇ ಮೂಲೆ. ಯಾವ ಸುಡುಗಾಡು ನಾಯಿಯಾದರೂ ಸರಿ, ಬೇಗ ಬರಲಿ ಎನ್ನುವ ಮಟ್ಟಕ್ಕೆ ಬಂದಿದ್ದೆ. ಕೊನೆಗೆ ಅತ್ತೆಯೇ ಎದ್ದರು. ತಮ್ಮ ನಾಟು ನಾಯಿಯನ್ನು ಬಿಟ್ಟುಕೊಟ್ಟು, “ನಂದು ಬ್ಯಾಡ ಬುಡಿ. ನಿಮ್ಮಿಬ್ರುದ್ರಾಗೆ ಯಾವ್ದು ಅಂತ ಊವ ಕಟ್ಟಿ ನೋಡ್ಬುಡನ,” ಎಂದರು.

ಹೂ ಕಟ್ಟಿ ನೋಡುವುದು ನಮ್ಮ ಕಡೆ ಎಲ್ಲದಕ್ಕೂ ಉಂಟು. ಬೋರ್ ಹಾಕಿಸುವುದಿರಲಿ, ಹೆಣ್ಣು ಕೊಡುವುದಿರಲಿ, ಬಿಳಿ ಕಣಗಿಲೆ ಒಂದು ಪೊಟ್ಟಣದಲ್ಲಿ, ಕೆಂಪು ಕಣಗಿಲೆ ಇನ್ನೊಂದರಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾರೆ. ಏನೂ ತಿಳಿಯದ ಮಗುವಿನ ಕೈಲಿ ಒಂದನ್ನು ಎತ್ತಿಸುತ್ತಾರೆ. ಬಿಳಿ ಬಂದರೆ ಆಗಲಿ ಎಂದರ್ಥ, ಕೆಂಪು ಬಂದರೆ ಬೇಡ. ನನ್ನ ಮದುವೆಗೂ ಹೀಗೇ ಕಟ್ಟಿದ್ದರು, ಬಿಳಿ ಬಂದಿತ್ತು. ಶುಕ್ರವಾರ ಅತ್ತೆ ದೀಪ ಹಚ್ಚಿ, ಬಾಳೆಲೆಯ ಚೂರುಗಳಲ್ಲಿ ಎರಡು ಪೊಟ್ಟಣ ಕಟ್ಟಿದರು. ಬಿಳಿ ಎಂದರೆ ರಾಜಪಾಳಯಂ, ಕೆಂಪು ಎಂದರೆ ಲ್ಯಾಬ್ರಡಾರ್. ಇವರು ಅಂಗಿ ತೆಗೆದು ಕೈಮುಗಿದು ಕೂತರು. ದೊಡ್ಡವಳೂ ಕಣ್ಣು ಮುಚ್ಚಿಕೊಂಡಳು. ಎತ್ತಬೇಕಾದವಳು ಮನೆಯ ಕಿರಿಮಗಳು.

ಅವಳು ದೇವರ ಮುಂದೆ ಮಂಡಿಯೂರಿ ಕೂತಳು. ಕೈ ಮುಂದೆ ಹೋಗಲಿಲ್ಲ. ಎರಡೂ ಪೊಟ್ಟಣಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

“ಅಜ್ಜಿ, ಬೇಡ ಅನ್ನೋ ಪೊಟ್ಲ ಯಾವ್ದು?”

“ಇದ್ರಲ್ಲಿ ಅದು ಇಲ್ಲ ಕಣ್ಣು,” ಎಂದರು ಇವರು.

“ಯಾಕಿಲ್ಲ?”

ಅತ್ತೆಯ ಮುಖ ಸಣ್ಣದಾಯಿತು. ಅಷ್ಟು ವರ್ಷ ಊರಿಗೆಲ್ಲ ಹೂ ಕಟ್ಟಿಕೊಟ್ಟ ಕೈ ಅದು. ಬೇಡ ಎನ್ನುವ ಹೂವನ್ನು ಇಡದೆ ಅವರು ದೇವರ ಮುಂದೆ ಎಂದೂ ಕೂತವರಲ್ಲ. ನಮ್ಮ ಜಗಳದ ಗದ್ದಲದಲ್ಲಿ ಅದನ್ನೇ ಮರೆತುಬಿಟ್ಟಿದ್ದರು. “ತಪ್ಪಾಯ್ತು ಸಾಮಿ,” ಎಂದು ಕೆನ್ನೆ ಬಡಿದುಕೊಂಡು ಎರಡೂ ಪೊಟ್ಟಣಗಳನ್ನು ಎತ್ತಿ, ಬಿಚ್ಚದೆ, ತುಳಸಿಯ ಬುಡಕ್ಕೆ ಹಾಕಿದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮಗುವಿಗೋಸ್ಕರ ನಾಯಿ ಎಂದು ಇಷ್ಟು ದಿನ ಬಾಯಿ ಬಡಿದುಕೊಂಡವರಲ್ಲಿ ಒಬ್ಬರೂ ಮಗುವನ್ನು ಕೇಳಿರಲಿಲ್ಲ.

ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ನಿನಗೆ ನಾಯಿ ಬೇಡವಾದರೆ ಬೇಡ, ನಾನು ಎತ್ತಿಕೊಂಡೇ ಹೋಗುತ್ತೇನೆ ಎಂದೆ. ಹೇಳುವಾಗ ಅಳು ಬಂತು, ಸುಸ್ತಿಗೋ ಏನೋ. ಅವಳು ನನ್ನ ಮುಖ ನೋಡಿ ಸ್ವಲ್ಪ ಯೋಚಿಸಿದಳು.

“ಓಡದ ನಾಯಿ ಇದ್ಯಾ ಅಮ್ಮಾ?”

ದೊಡ್ಡವಳು ಕಣ್ಣೊರೆಸಿಕೊಂಡು ಫೋನ್ ತೆಗೆದು ಹುಡುಕಿದಳು. “ಓಡದ ಜಾತಿ ಇಲ್ಲಮ್ಮಾ. ಎಲ್ಲಾ ನಾಯೂ ಓಡ್ತವೆ.”

“ಯಾಕಿಲ್ಲ?” ಎಂದರು ಅತ್ತೆ, ಮಂಡಿ ಹಿಡಿದುಕೊಂಡು ಏಳುತ್ತಾ. “ನಮ್ಮ ಜಾತಿ. ಮುದುಕ್ರ ಜಾತಿ.”

ಆಗ ನೆನಪಾದದ್ದು ಅನ್ನೂರಿನ ಆಚೆ ನನ್ನ ಅಣ್ಣನ ತೋಟದಲ್ಲಿದ್ದ ನಾಯಿ. ಮೋಟಾರ್ ರೂಮಿನ ಗೋಡೆಯ ನೆರಳು ಎಲ್ಲಿಗೆ ಸರಿಯುತ್ತದೋ ಅಲ್ಲಿಗೆ ಸರಿಯುವುದೊಂದೇ ಅದರ ಕೆಲಸವಾಗಿತ್ತು. ಫೋನ್ ಮಾಡಿದರೆ ಅಣ್ಣ ನಕ್ಕ. “ಅದ್ನ ಯಾಕ್ ತಂಗಿ ತಗೊಂಡೋಗ್ತೀಯ? ಅದು ಈವತ್ತೋ ನಾಳೆಯೋ ಅಂತದೆ. ಮರಿ ಬೇಕಾರೆ ಯೋಳು, ಬೇರೆ ಸಿಕ್ತದೆ.” ಮರಿ ಬೇಡ ಎಂದೆ.

ಭಾನುವಾರ ಮತ್ತೆ ಎಲ್ಲರೂ ಕಾರು ಹತ್ತಿದೆವು. ಅತ್ತೆ ಮತ್ತೆ ಬಾಳೆಹಣ್ಣು ಹಿಡಿದುಕೊಂಡರು. ಮೋಟಾರ್ ರೂಮಿನ ಎದುರು ಕಾರು ನಿಂತಾಗ ನಾಯಿ ತಲೆ ಎತ್ತಿತು, ನಮ್ಮನ್ನೆಲ್ಲ ಒಂದು ಸುತ್ತು ನೋಡಿತು, ಮತ್ತೆ ತಲೆಯನ್ನು ಕಾಲ ಮೇಲೆ ಇಟ್ಟುಕೊಂಡಿತು. ಚಿಕ್ಕವಳು ಗಾಜನ್ನು ಸ್ವಲ್ಪ ಇಳಿಸಿದಳು. ನಾವು ಅಣ್ಣನ ಮನೆಯಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಗಾಜು ಪೂರ್ತಿ ಇಳಿದಿತ್ತು. ಅವಳ ಜೊತೆಗೆಂದು ಕಾರಿನಲ್ಲೇ ಕೂತಿದ್ದ ಅತ್ತೆ ತೂಕಡಿಸುತ್ತಿದ್ದರು. ಸಂಜೆ ಅವಳೇ ಬಾಗಿಲು ತೆಗೆದು ಇಳಿದು, ಬಾಗಿಲನ್ನು ಹಿಡಿದುಕೊಂಡೇ ನಿಂತಳು. ನಾಯಿ ಏಳಲಿಲ್ಲ.

“ಅದು ನನ್ನ ನೋಡ್ಲೇ ಇಲ್ಲ ಅಮ್ಮಾ,” ಎಂದಳು, ಆಶ್ಚರ್ಯದಿಂದ. ಆಮೇಲೆ, “ಇದಾದ್ರೆ ಪರವಾಯಿಲ್ಲ,” ಎಂದಳು.

ಹರಿದ ಕಿವಿ, ಪೊರೆ ಬಂದ ಒಂದು ಕಣ್ಣು, ಬೆನ್ನ ಮೇಲೆ ಕೂದಲು ಉದುರಿದ ಪಟ್ಟೆ. ಕಂಪನಿಯಲ್ಲಿ ನನ್ನ ಮೇಜಿನ ಮೇಲೆ ಬಟ್ಟೆಯಾಗಿ ಬಂದಿದ್ದರೆ ಎರಡನೇ ಸಲ ನೋಡದೆ ಪಕ್ಕಕ್ಕೆ ಎಸೆಯುತ್ತಿದ್ದೆ. ಮನೆಗೆ ತಂದ ಮೇಲೆ ಅದು ನಮ್ಮ ಹೊಸ್ತಿಲಿಗೆ ಅಡ್ಡಲಾಗಿ ಮಲಗಿತು. ನಾನು ಹೆದರಿದ್ದಂತೆಯೇ ಅದರ ಕೆಲಸವೆಲ್ಲ ನನ್ನ ತಲೆಗೇ ಬಂತು. ಮೈಯ ಉಣ್ಣಿ ಕೀಳುವವಳು ನಾನು, ಸ್ನಾನ ಮಾಡಿಸುವವಳು ನಾನು, ಕೀಲುನೋವಿನ ಮಾತ್ರೆಯನ್ನು ಮೊಸರನ್ನದಲ್ಲಿ ಬಚ್ಚಿಡುವವಳು ನಾನು. ರಾಜಪಾಳಯಂಗೆಂದು ತಂದಿದ್ದ ಕೊರಳಪಟ್ಟಿ ಅದರ ಕುತ್ತಿಗೆಗೆ ಸಡಿಲವಾಗಿ ಇವರೇ ಇನ್ನೊಂದು ತೂತು ಹಾಕಿದರು. ಸ್ವಲ್ಪ ಬೇಜಾರಿನಲ್ಲೇ ಹಾಕಿದರು.

ಚಿಕ್ಕವಳು ಮೊದಲು ಹಿತ್ತಲ ಬಾಗಿಲಿನಿಂದ ಓಡಾಡಿದಳು. ಆಮೇಲೆ ಗೋಡೆಗೆ ಒತ್ತಿಕೊಂಡು ಅದನ್ನು ದಾಟಿದಳು. ಒಂದು ದಿನ ಅಜ್ಜಿಯನ್ನು ಕರೆದಂತೆಯೇ “ತಾತಾ, ಸರ್ಕೋ,” ಎಂದಳು. ಅದು ಸರಿಯಲಿಲ್ಲ, ಅವಳೇ ದಾಟಿ ಹೋದಳು. ಅಂದಿನಿಂದ ನಮಗೆಲ್ಲ ಅದು ತಾತನಾಯಿತು.

ಬೆಳಿಗ್ಗೆ ನಾನು ಅವಳನ್ನು ಹೊತ್ತು ಹೊರಟರೆ ತಾತ ಗೇಟಿನವರೆಗೆ ಬರುತ್ತಿತ್ತು. ಕೆಲವು ದಿನ ಕಳೆದ ಮೇಲೆ ಗೇಟು ದಾಟಿ ನಮ್ಮ ಹಿಂದೆ ಬರತೊಡಗಿತು. ಖಾಲಿ ಸೈಟಿನ ನಾಯಿಗಳು ಹೋ ಎಂದು ಎದ್ದು ಬಂದವು. ತಾತ ನಿಲ್ಲಲಿಲ್ಲ, ಓಡಲೂ ಇಲ್ಲ. ಲೈಟ್ ಕಂಬದ ಬಳಿ ಬಂದಾಗ ಕಂಬವನ್ನು ಮೂಸಿ, ಕಾಲೆತ್ತಲು ಆಗದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮುಂದೆ ನಡೆಯಿತು. ಬೊಗಳಿ ಬೊಗಳಿ ಬೇಸತ್ತು ಅವು ಮರಳಿನ ಮೇಲೆ ಹೋಗಿ ಬಿದ್ದುಕೊಂಡವು. ಚಿಕ್ಕವಳ ಮುಖ ನನ್ನ ಕುತ್ತಿಗೆಯಲ್ಲಿರಲಿಲ್ಲ. ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ನಾಲ್ಕಾರು ದಿನ ಹೀಗೇ ನೋಡಿ, ಒಂದು ಬೆಳಿಗ್ಗೆ ಗೇಟಿನಲ್ಲೇ “ಇಳಿಸು,” ಎಂದಳು. ಇಳಿಸಿದೆ. ನನ್ನ ಒಂದು ಕೈ ಹಿಡಿದುಕೊಂಡು ತಾತನ ಹಿಂದೆ ನಡೆದಳು.

ಆ ನಡಿಗೆಯ ಪಾಡು ಯಾರಿಗೂ ಬೇಡ. ಮೊದಲಿಗಿಂತ ಬೇಗ ಮನೆ ಬಿಡಬೇಕು. ತಾತ ಕಂಬಕ್ಕೆ ನಿಂತರೆ ನಾವೂ ನಿಲ್ಲಬೇಕು. ನಾನು ಗೊಣಗುತ್ತಿದ್ದೆ, ಅವಳು “ಪಾವಂ, ಕಾಲು ನೋವು,” ಎಂದು ನನ್ನನ್ನೇ ಸುಮ್ಮನಿರಿಸುತ್ತಿದ್ದಳು. ಬರಬರುತ್ತಾ ನನ್ನ ಕೈಯನ್ನು ಬಿಟ್ಟು ತಾತನ ಬೆನ್ನ ಮೇಲೆ ಕೈಯಿಟ್ಟು ನಡೆಯತೊಡಗಿದಳು. ಆದರೆ ಅದಿಲ್ಲದೆ ಗೇಟು ದಾಟುತ್ತಿರಲಿಲ್ಲ. ಅದು ಇನ್ನೆಷ್ಟು ದಿನ ಎಂಬ ಅಣ್ಣನ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಇದು ಹೋದ ಮೇಲೆ ಅವಳು ಮತ್ತೆ ನನ್ನ ಸೊಂಟಕ್ಕೇ ಬರುತ್ತಾಳೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ತಾತ ಏಳಲಿಲ್ಲ. ಕರೆದರೆ ಬಾಲವನ್ನು ನೆಲಕ್ಕೆ ಒಮ್ಮೆ ಬಡಿಯಿತು, ಮುಂಗಾಲು ಊರಿ ನೋಡಿತು, ಮತ್ತೆ ಮಲಗಿತು. ಚಿಕ್ಕವಳು ಚೀಲ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದಳು. ಎದುರಿಗೆ ಬೀದಿ, ಅಲ್ಲಿ ಮರಳ ರಾಶಿಯ ಮೇಲೆ ಅವು. ಆಗಲಿ, ಇನ್ನೇನು ಮಾಡುವುದು ಎಂದು ನನ್ನ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಅವಳನ್ನು ಎತ್ತಲು ಬಗ್ಗಿದೆ.

ಅವಳು ನನ್ನನ್ನು ದಾಟಿ ಹೊಸ್ತಿಲಿಗೆ ಹೋದಳು. ಗೋಣಿತಾಟನ್ನು ತಾತನ ಬೆನ್ನಿನ ಮೇಲೆ ಎಳೆದಳು.

“ನೀ ಮಲಕ್ಕೋ ತಾತಾ. ನಾನು ಓಡಲ್ಲ, ಮೆಲ್ಲಗೇ ಓಗ್ತೀನಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಕೂತ್ಕೋ ಅಮ್ಮಾ. ನಿಂಗೂ ಕಾಲು ನೋಯ್ತದಲ್ಲ,” ಎಂದಳು.

ಗೇಟು ತೆಗೆದು ಹೋದಳು. ತಾತ ನಡೆಯುವಷ್ಟೇ ನಿಧಾನವಾಗಿ ನಡೆದಳು. ಸೈಟಿನ ನಾಯಿಗಳಲ್ಲಿ ಒಂದು ಎದ್ದು ಬೊಗಳಿತು, ಅವಳ ಭುಜ ಮೇಲಕ್ಕೆ ಸೆಟೆದದ್ದು ನನಗೆ ಇಲ್ಲಿಂದಲೇ ಕಂಡಿತು. ಓಡಲಿಲ್ಲ. ಲೈಟ್ ಕಂಬ ಬಂದಾಗ, ತಾತ ನಿಲ್ಲುವ ಜಾಗದಲ್ಲಿ, ತಾತ ನಿಲ್ಲುವಷ್ಟು ಹೊತ್ತು ನಿಂತಳು. ಆಮೇಲೆ ಮುಂದೆ ಹೋದಳು.

ಎತ್ತಲು ಚಾಚಿದ ಕೈಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಹೋಗಿ ತಾತನ ಪಕ್ಕದಲ್ಲಿ, ಹೊಸ್ತಿಲ ಮೇಲೆ ಕೂತೆ. ಹೊಸ್ತಿಲ ಮೇಲೆ ಕೂರಬಾರದು ಎಂದು ದಿನಾ ಬೈಯುವ ಅತ್ತೆ ಬಂದು ನೋಡಿ, ಹಾಗೇ ಒಳಗೆ ಹೋದರು. ದೂರದಲ್ಲಿ ಸ್ಕೂಲ್ ವ್ಯಾನು ಬಂದು, ನಿಂತು, ಹೊರಟ ಸದ್ದು ಕೇಳಿತು. ಕಂಪನಿ ವ್ಯಾನಿಗೂ ಹೊತ್ತಾಗುತ್ತಿತ್ತು. ನಾನು ಏಳಲಿಲ್ಲ.